ನಾಲ್ಕನೇ ದರ್ಜೆಯ ಮಂಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಐವತ್ತೈದು ದಾಟಿದವರ ಸಾಫ್ಟ್‌ಬಾಲ್ ಪಂದ್ಯಾವಳಿಯಲ್ಲಿ, ಯಾರಿಗೂ ಅನ್ಯಾಯವಾಗಬಾರದೆಂಬ ಏಕೈಕ ಉದ್ದೇಶದಿಂದ, ನಿಯಮಗಳನ್ನು ಪಂದ್ಯ ಮುಗಿದ ನಂತರವೇ ರಚಿಸಲಾಗುತ್ತದೆ. ಮೊದಲೇ ರಚಿಸಿದರೆ ಆಟಗಾರರು ಅವುಗಳನ್ನು ಓದಿಕೊಂಡು ಬಂದು ದುರುಪಯೋಗಪಡಿಸಿಕೊಳ್ಳುವ ಅಪಾಯವಿದೆಯೆಂದು ಸಮಿತಿಯ ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ನಮೂದಾಗಿದೆ.

ಆಟ ಸರಳವಾದದ್ದು. ಚೆಂಡನ್ನು ಹೊಡೆದವನು ನಾಲ್ಕು ಮೂಲೆಗಳಲ್ಲಿ ಹಾಸಿರುವ ಗೋಣಿಚೀಲಗಳನ್ನು ತುಳಿದು ಸುತ್ತಿ ಬಂದರೆ ಒಂದು ರನ್ನು. ಇವರೆಲ್ಲ ಹೈಸ್ಕೂಲಿನಲ್ಲಿದ್ದಾಗ ಕಲಿತದ್ದು ಇದೊಂದೇ. ಉಳಿದದ್ದನ್ನು ಮರೆತಿದ್ದಾರೆ.

ಸಮಿತಿಯ ಅಧ್ಯಕ್ಷರು ಶ್ರೀ ಚಿಕ್ಕಬಸಪ್ಪನವರು. ಹುಣಸೂರು ತಂಡದ ನಾಯಕರೂ ಅವರೇ. ಈ ಎರಡು ಸ್ಥಾನಗಳು ಒಂದಕ್ಕೊಂದು ಅಡ್ಡ ಬರಬಾರದೆಂದು ಅಧ್ಯಕ್ಷರಾಗಿ ಮಾತನಾಡುವಾಗ ಅವರು ಹೆಗಲಿಗೆ ಶಲ್ಯ ಹಾಕಿಕೊಳ್ಳುತ್ತಾರೆ, ನಾಯಕರಾಗಿ ಮಾತನಾಡುವಾಗ ತೆಗೆದು ಕುರ್ಚಿಯ ಮೇಲೆ ಇಡುತ್ತಾರೆ. ಪಿರಿಯಾಪಟ್ಟಣದ ನಾಯಕರಾದ ನಟರಾಜು ಅವರು ಚಿಕ್ಕಬಸಪ್ಪನವರ ಬೀಗರು, ಅಂದರೆ ಇವರ ಮಗಳನ್ನು ತಂದುಕೊಂಡ ಮನೆಯವರು. ಇದು ಕೇವಲ ಕಾಕತಾಳೀಯವೆಂದು ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ.

ಎಚ್.ಡಿ. ಕೋಟೆ ತಂಡದ ನಾಯಕ ಅಂಕಯ್ಯ. ಅರವತ್ತಾರು ವರ್ಷ, ಲೈನ್‌ಮನ್ ಆಗಿ ನಿವೃತ್ತಿ. ಕಂಬ ಹತ್ತಿ ಹತ್ತಿ ಎಡ ಮಂಡಿ ಸವೆದುಹೋಗಿತ್ತು. ಪಂದ್ಯಾವಳಿ ಭಾನುವಾರ, ಮೈಸೂರಿನಲ್ಲಿ ಮಂಡಿ ಬದಲಾಯಿಸುವ ಆಪರೇಷನ್ ಸೋಮವಾರ. ಹೊಸ ಮಂಡಿಯಲ್ಲಿ ನೋವಿಲ್ಲದೆ ನಡೆಯಬಹುದು, ಆದರೆ ಓಡುವ ಮಾತನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಅಂಕಯ್ಯನಿಗೆ ಇದ್ದದ್ದು ಒಂದೇ ಆಸೆ: ಇರುವ ಮಂಡಿಯಲ್ಲೇ ಒಂದು ಸಲ ಫೈನಲ್ ಓಡಿಬಿಡಬೇಕು.

"ನಾನು ಆಸ್ಪತ್ರೆಗೆ ಬಟ್ಟೆ ಜೋಡುಸ್ತಾವ್ನಿ ಅಂದ್ರೆ ಇವ್ರು ಬ್ಯಾಟು ಜೋಡುಸ್ತಾವ್ರೆ," ಎಂದು ಹೆಂಡತಿ ಸಾಕಮ್ಮ ಪಂದ್ಯಾವಳಿಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಬಟ್ಟೆಯ ಚೀಲ ಅವರ ತೊಡೆಯ ಮೇಲೇ ಇತ್ತು, ಆಟ ಮುಗಿದ ಕೂಡಲೇ ಅಲ್ಲಿಂದಲೇ ಮೈಸೂರಿಗೆ ಹೊರಡುವ ಏರ್ಪಾಡು.

ಬೆಳಿಗ್ಗೆ ಹತ್ತಕ್ಕೆ ತಂಡಗಳಿಗೆ ಶ್ರೇಯಾಂಕ ನೀಡುವ ಕಾರ್ಯ ನಡೆಯಿತು. ಇದಕ್ಕೆ ಹಿಂದಿನ ವರ್ಷಗಳ ಫಲಿತಾಂಶ ನೋಡುವುದು ಹಳೆಯ ಪದ್ಧತಿ. ಅದರಲ್ಲಿ ಗೆದ್ದವರೇ ಮುಂದೆ ಬರುವ ದೋಷವಿದ್ದುದರಿಂದ ಸಮಿತಿಯು ಗೋವಿಂದಯ್ಯನವರನ್ನು ನೇಮಿಸಿತ್ತು. ಇವರು ಮೂವತ್ತು ವರ್ಷ ಹೊಗೆಸೊಪ್ಪಿನ ಹರಾಜಿನಲ್ಲಿ ಸೊಪ್ಪಿನ ದರ್ಜೆ ನೋಡಿದವರು. ಬೇಲುಗಳ, ಅಂದರೆ ಸೊಪ್ಪಿನ ಕಟ್ಟುಗಳ, ಸಾಲಿನ ನಡುವೆ ನಡೆಯುತ್ತಲೇ ಒಂದು ಎಲೆ ಎಳೆದು, ಮುಟ್ಟಿ, ಮೂಸಿ, ಇದು ಬ್ರೈಟು, ಇದು ಮೀಡಿಯಂ, ಇದು ಲೋ ಎಂದು ಹೇಳಿ ಹೋಗುವವರು. ನಿಂತು ನೋಡಿದ್ದನ್ನು ಯಾರೂ ಕಂಡಿಲ್ಲ.

ನಾಲ್ಕೂ ತಂಡಗಳನ್ನು ಸಾಲಾಗಿ ನಿಲ್ಲಿಸಲಾಯಿತು. ಗೋವಿಂದಯ್ಯ ನಡೆದರು. ಚಿಕ್ಕಬಸಪ್ಪನವರ ಅಂಗಿಯ ತೋಳು ಮುಟ್ಟಿ, "ಬ್ರೈಟು. ಒಂದು," ಎಂದರು. ನಟರಾಜು ಅವರ ಕೆನ್ನೆ ನೋಡಿ, "ಮೀಡಿಯಂ. ಒಣಗೈತೆ, ಪರವಾಗಿಲ್ಲ. ಎರಡು," ಎಂದರು. ಕೆ.ಆರ್. ನಗರದವರ ಮುಂದೆ ಒಂದು ಕ್ಷಣ ಅಳುಕಿದರು. "ಇವ್ರದು ಭತ್ತದ ಸೀಮೆ ಕಣ್ರಪ್ಪಾ. ನಮ್ಮಲ್ಲಿ ಇದಕ್ಕೆ ದರ್ಜೆನೇ ಇಲ್ಲ. ಮೂರು ಅಂತ ಬರ್ಕಳಿ." ಅಂಕಯ್ಯನ ತೋಳು ಹಿಂಡಿ ತಲೆಯಾಡಿಸಿದರು. "ಲೋ. ತೇವ ಜಾಸ್ತಿ."

"ಬೆವರು ಕಣಣ್ಣಾ ಅದು," ಎಂದರು ಅಂಕಯ್ಯ. "ಏಳೂವರೆಗೇ ಬಂದು ಅಭ್ಯಾಸ ಮಾಡ್ತಿದ್ದೊ."

"ಬೆವ್ರೋ ಮಳೆನೋ, ತೇವ ತೇವನೇ. ನಾಕು."

ಎಲ್ಲರ ಅಂಗಿಗೂ ದರ್ಜೆಯ ಚೀಟಿ ಕಟ್ಟಲಾಯಿತು. ಬ್ರೈಟ್ ದರ್ಜೆಯ ಬೇಲನ್ನು ಮತ್ತೆ ಬಿಚ್ಚಿ ನೋಡುವ ವಾಡಿಕೆ ಹರಾಜಿನಲ್ಲಿ ಇಲ್ಲವಾದ ಕಾರಣ ಹುಣಸೂರು ತಂಡ ಯಾರೊಂದಿಗೂ ಆಡದೆ ನೇರವಾಗಿ ಫೈನಲ್ ಪ್ರವೇಶಿಸಿತು. ಕಾರ್ಯದರ್ಶಿ ವಸಂತ್ ಮೈಕಿನಲ್ಲಿ ಪ್ರಕಟಿಸಿದರು: "ಕಠಿಣ ಸ್ಪರ್ಧೆಯ ನಡುವೆಯೂ ಫೈನಲ್ ತಲುಪಿದ ಹುಣಸೂರು ತಂಡಕ್ಕೆ ಅಭಿನಂದನೆಗಳು."

ಉಳಿದ ಮೂರು ತಂಡಗಳು ತಮ್ಮತಮ್ಮಲ್ಲಿ ಆಡಿದವು. ಪಿರಿಯಾಪಟ್ಟಣ ಮತ್ತು ಕೋಟೆ ಎರಡೂ ಕೆ.ಆರ್. ನಗರವನ್ನು ಸೋಲಿಸಿದವು. ಕೆ.ಆರ್. ನಗರದವರು ಊಟ ಮುಗಿಸಿ ಮಿರ್ಲೆ ಕಡೆಯ ಬಸ್ಸು ಹಿಡಿದರು. ಆಮೇಲೆ ಕೋಟೆಗೂ ಪಿರಿಯಾಪಟ್ಟಣಕ್ಕೂ ನಡೆದ ಪಂದ್ಯ ಹನ್ನೊಂದು–ಹನ್ನೊಂದಕ್ಕೆ ಸಮವಾಯಿತು. ಕೋಟೆಯ ಹನ್ನೊಂದರಲ್ಲಿ ಆರು ರನ್ನುಗಳನ್ನು ಅಂಕಯ್ಯ ಕುಂಟುತ್ತಾ ಓಡಿ ತಂದಿದ್ದರು.

"ಇನ್ನೊಂದು ಸರದಿ ಆಡ್ಸಿ, ಯಾರು ಗೆಲ್ತಾರೋ ಗೆಲ್ಲಲಿ," ಎಂದರು ಅಂಕಯ್ಯ.

ಚಿಕ್ಕಬಸಪ್ಪನವರು ಶಲ್ಯ ಹಾಕಿಕೊಂಡರು. "ಆಟದಲ್ಲಿ ಬಂದ ಸಮಸ್ಯೆಯನ್ನ ಆಟದಿಂದಲೇ ಬಗೆಹರಿಸೋದು ಸಮಿತಿಗೆ ಮಾಡೋ ಅವಮಾನ," ಎಂದರು. ಸಮಿತಿ ಶಾಮಿಯಾನದ ಕೆಳಗೆ ಸೇರಿತು.

ಮೊದಲ ಪ್ರಸ್ತಾವನೆ, ಸಮಯಪಾಲನೆ. ಕೋಟೆಯವರು ಏಳೂವರೆಗೆ ಬಂದಿದ್ದರು, ಪಿರಿಯಾಪಟ್ಟಣದವರು ಹತ್ತಕ್ಕೆ. ಹತ್ತು ಗಂಟೆಗೆ ಮೊದಲು ಮೈದಾನ ಸಮಿತಿಯ ಸುಪರ್ದಿಗೆ ಬಂದಿರಲಿಲ್ಲವಾಗಿ, ಕೋಟೆಯವರು ಎರಡೂವರೆ ಗಂಟೆ ಕಾಲ ಅನುಮತಿಯಿಲ್ಲದೆ ಮೈದಾನವನ್ನು ಒತ್ತುವರಿ ಮಾಡಿಕೊಂಡಿದ್ದಾರೆಂದು ತೀರ್ಮಾನಿಸಲಾಯಿತು. ದೊಡ್ಡ ಮನಸ್ಸಿನಿಂದ ಕ್ಷಮಿಸಲಾಯಿತು.

ಎರಡನೆಯದು, ವಯಸ್ಸು. ಇದು ಹಿರಿಯರ ಪಂದ್ಯಾವಳಿಯಾದ್ದರಿಂದ ಆಟಗಾರರ ವಯಸ್ಸು ಕೂಡಿಸಿ ನೋಡುವುದೇ ನ್ಯಾಯವೆಂದು ಎಲ್ಲರೂ ಒಪ್ಪಿದರು. ಆಧಾರ್ ಕಾರ್ಡುಗಳನ್ನು ತರಿಸಲಾಯಿತು. ಹದಿನೆಂಟು ಆಟಗಾರರಲ್ಲಿ ಹದಿನಾಲ್ಕು ಮಂದಿ ಜನವರಿ ಒಂದರಂದು ಹುಟ್ಟಿದವರು. ಇದನ್ನು ಸಮಿತಿ ಮೆಚ್ಚುಗೆಯಿಂದ ದಾಖಲಿಸಿಕೊಂಡಿತು. ಕೋಟೆಯ ಒಟ್ಟು ವಯಸ್ಸು ಐನೂರ ಎಪ್ಪತ್ತೊಂದು, ಪಿರಿಯಾಪಟ್ಟಣದ್ದು ಐನೂರ ನಲವತ್ತೆಂಟು.

"ಅಂಗಾದ್ರೆ ನಾವೇ!" ಎಂದು ಅಂಕಯ್ಯ ಎದ್ದೇ ನಿಂತರು.

"ಕೂತ್ಕಳಿ ಅಂಕಯ್ಯ," ಎಂದರು ಚಿಕ್ಕಬಸಪ್ಪನವರು. "ಹಿರಿಯರು ಕಿರಿಯರಿಗೆ ದಾರಿ ಬಿಡೋದು ನಮ್ಮ ಸಂಸ್ಕೃತಿ. ನಮ್ಮ ಬೀಗರು ನಿಮಗಿಂತ ಇಪ್ಪತ್ಮೂರು ವರ್ಷ ಚಿಕ್ಕೋರು. ಅವ್ರು ಬೆಳೀಬೇಕಾದೋರು."

ಬೆಳೆಯಬೇಕಾದ ನಟರಾಜು ಅವರು ಕೃತಜ್ಞತೆಯಿಂದ ಹಲ್ಲುಸೆಟ್ಟು ತೆಗೆದು ಒರೆಸಿಕೊಂಡರು. ಪಿರಿಯಾಪಟ್ಟಣ ಫೈನಲ್ ಪ್ರವೇಶಿಸಿತು.

ಅಂಕಯ್ಯ ತೆಂಗಿನ ಮರದ ಬುಡದಲ್ಲಿ ಕೂತು ಮಂಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚತೊಡಗಿದರು. ಸಾಕಮ್ಮ ಪಕ್ಕದಲ್ಲಿ ಚೀಲ ಇಟ್ಟರು. "ಆಯ್ತಲ್ಲಾ, ನಡೀರಿ. ಬಸ್ಸು ಸಿಕ್ತದೆ." ಅಂಕಯ್ಯ ಏಳಲಿಲ್ಲ.

ಫೈನಲ್ ಪಂದ್ಯ ಮೂರು ಗಂಟೆಗೆ ಆರಂಭವಾಗಿ ಮೊದಲ ಚೆಂಡಿಗೇ ನಿಂತಿತು. ಚಿಕ್ಕಬಸಪ್ಪನವರು ಚೆಂಡನ್ನು ಚೆನ್ನಾಗಿಯೇ ಹೊಡೆದರು. ಆದರೆ ಹೆಣ್ಣು ಕೊಟ್ಟ ಮನೆಯವರು ಬೀಗರ ಎದುರು ಪಂಚೆ ಎತ್ತಿ ಕಟ್ಟಿ ಓಡುವುದು ಮರ್ಯಾದೆಯಲ್ಲ. ಅವರು ಬ್ಯಾಟು ಹಿಡಿದು ನಿಂತೇ ಇದ್ದರು. ಚೆಂಡು ನಟರಾಜು ಅವರ ಕಾಲಬುಡಕ್ಕೇ ಬಂತು. ಬೀಗರನ್ನು ಔಟು ಮಾಡುವುದೂ ಮರ್ಯಾದೆಯಲ್ಲವಾಗಿ ಅವರು ಅದನ್ನು ಎತ್ತಲಿಲ್ಲ.

"ಓಡಿ ಬೀಗರೇ, ಪರವಾಗಿಲ್ಲ."

"ಚೆಚೆ, ಎಲ್ಲಾದ್ರೂ ಉಂಟಾ! ನೀವು ಚೆಂಡು ಎತ್ಕಳಿ."

"ನೀವು ಓಡಿದ್ ಮೇಲೆ ಎತ್ಕತೀನಿ."

ಹೀಗೆ ನಲವತ್ತು ನಿಮಿಷ ಕಳೆಯಿತು. ನಂತರ ಶಲ್ಯ ತರಿಸಿಕೊಂಡು ಅಧ್ಯಕ್ಷರು ಹೊಸ ನಿಯಮವನ್ನು ಮಂಡಿಸಿದರು: ಎರಡೂ ತಂಡಗಳ ಪರವಾಗಿ ಓಡಲು ಒಬ್ಬ ಸಂಯುಕ್ತ ಓಟಗಾರನನ್ನು ನೇಮಿಸತಕ್ಕದ್ದು. ಆತ ಈಗಾಗಲೇ ಸೋತವನಾಗಿರತಕ್ಕದ್ದು, ಏಕೆಂದರೆ ಸೋತವನಿಗೆ ಮಾತ್ರ ಫಲಿತಾಂಶದಲ್ಲಿ ಆಸಕ್ತಿ ಇರುವುದಿಲ್ಲ. ಕೆ.ಆರ್. ನಗರದವರು ಬಸ್ಸು ಹತ್ತಿಯಾಗಿತ್ತು. ವಸಂತ್ ತೆಂಗಿನ ಮರದ ಬುಡಕ್ಕೆ ಬಂದರು.

"ಅಂಕಯ್ಯ, ಫೈನಲ್ ಓಡ್ತೀರಾ?"

ಅಂಕಯ್ಯ ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಕಟ್ಟಿಕೊಂಡರು.

"ಅಲ್ಲಾ ಕಣ್ರೀ, ನಿಮಗೇನಾದ್ರೂ ಬುದ್ಧಿ ಐತಾ?" ಎಂದರು ಸಾಕಮ್ಮ. "ಹೊಡ್ಯೋರು ಅವ್ರು, ಕಪ್ಪು ಎತ್ತೋರು ಅವ್ರು, ಕಾಲು ಮಾತ್ರ ನಿಮ್ಮದಾ?"

"ಫೈನಲ್ಲು ಕಣೇ," ಎಂದರು ಅಂಕಯ್ಯ.

ಅವರು ಹುಣಸೂರಿನ ಪರ ಎಂಟು ರನ್ನು ಓಡಿದರು. ಬಳಿಕ ಪಿರಿಯಾಪಟ್ಟಣದ ಪರ ಎಂಟು ರನ್ನು ಓಡಿದರು. ಒಂಬತ್ತನೆಯದಕ್ಕೆ ಹಲ್ಲು ಕಚ್ಚಿ ಮೂರನೇ ಗೋಣಿಚೀಲ ದಾಟಿದ್ದರು. ಆಗ ಮೈಕಿನಲ್ಲಿ ಪ್ರಕಟಣೆ ಬಂತು: ಸಂಯುಕ್ತ ಓಟಗಾರನು ಒಂದು ತಂಡಕ್ಕೆ ಹೆಚ್ಚು ಓಡಿದರೆ ಅದು ಪಕ್ಷಪಾತವಾಗುತ್ತದೆ, ಆದ್ದರಿಂದ ಈ ರನ್ನು ರದ್ದು, ಓಟಗಾರರಿಗೆ ಎಚ್ಚರಿಕೆ ನೀಡಲಾಗಿದೆ. ಅಂಕಯ್ಯ ಅಲ್ಲೇ ಮಂಡಿ ಹಿಡಿದು ಕುಸಿದರು. ಪಂದ್ಯ ಎಂಟು–ಎಂಟಕ್ಕೆ ಸಮವಾಯಿತು.

ಸಮಿತಿ ಮತ್ತೆ ಸೇರಿತು. ನಿಯಮ ಈಗ ಸಿದ್ಧವಾಗಿಯೇ ಇತ್ತು. ವಯಸ್ಸು ಕೂಡಿಸಲಾಯಿತು. ಹುಣಸೂರು, ಪಿರಿಯಾಪಟ್ಟಣಕ್ಕಿಂತ ಹತ್ತೊಂಬತ್ತು ವರ್ಷ ಹಿರಿದು.

ಕೋಟೆ ತಂಡದವನೊಬ್ಬ ಹಿಂದಿನಿಂದ ಕೂಗಿದ, "ಹಿರಿಯರು ದಾರಿ ಬಿಡಬೇಕು ಅಂದ್ರಲ್ಲಾ ಸ್ವಾಮಿ!"

"ಅದು ಮಧ್ಯಾಹ್ನದ ನಿಯಮ," ಎಂದರು ಚಿಕ್ಕಬಸಪ್ಪನವರು ಶಾಂತವಾಗಿ. "ಹಿರಿಯರಿಗೆ ಮೊದಲ ಮರ್ಯಾದೆ. ಇದೂ ನಮ್ಮ ಸಂಸ್ಕೃತಿನೇ." ನಂತರ ಶಲ್ಯ ತೆಗೆದು ಕುರ್ಚಿಯ ಮೇಲಿಟ್ಟು, ಎದುರಿಗೆ ಬಂದು ನಿಂತು ಕಪ್ಪನ್ನು ಸ್ವೀಕರಿಸಿದರು. ಬೀಗರಿಗೆ ಅಷ್ಟೇ ಎತ್ತರದ ಇನ್ನೊಂದು ಕಪ್ಪನ್ನು ಕೊಡಲಾಯಿತು. ಅದು ಮೊದಲೇ ತರಿಸಿದ್ದು.

ಸಮಾರೋಪದಲ್ಲಿ ಅಂಕಯ್ಯನನ್ನು ಇಬ್ಬರು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ಅವರ ನಿಷ್ಪಕ್ಷಪಾತ ಸೇವೆಯನ್ನು ಗಮನಿಸಿ ಸಮಿತಿಯು ಅವರನ್ನು ಶಾಶ್ವತ ಸಂಯುಕ್ತ ಓಟಗಾರರೆಂದು ಘೋಷಿಸಿತು. ಮುಂದಿನ ವರ್ಷದಿಂದ ಪ್ರತಿ ಫೈನಲಿನಲ್ಲೂ ಅವರೇ. ಕೋಟೆ ತಂಡ ಬರಬೇಕಾದ ಅಗತ್ಯವೂ ಇಲ್ಲ.

ಅಂಕಯ್ಯನ ಮುಖ ಅರಳಿತು. ಆಮೇಲೆ ಮೆಲ್ಲಗೆ, "ನಾಳೆ ಈ ಮಂಡಿ ತೆಗೆದು ಬೇರೆ ಹಾಕ್ತಾರೆ ಸ್ವಾಮಿ. ಡಾಕ್ಟ್ರು ಓಡಂಗಿಲ್ಲ ಅಂದವ್ರೆ. ಹೊಸ ಮಂಡೀಲೇ ಅಂಗೂ ಇಂಗೂ ಓಡಿದ್ರೆ ನಡೀತದಾ?" ಎಂದರು.

ಸಮಿತಿ ಗೋವಿಂದಯ್ಯನವರ ಕಡೆ ನೋಡಿತು. ಅವರು ಮಂಡಿಯನ್ನು ಒತ್ತಿ ನೋಡಿದರು. "ಒಳಗೆ ಬೇರೆ ಮಾಲು ತುಂಬ್ದಂಗಾಯ್ತದೆ. ಕಲಬೆರಕೆ ಬೇಲು. ಇಂಥದ್ದನ್ನ ನಾವು ಹರಾಜು ಕಟ್ಟೆಗೇ ಹತ್ತುಸ್ತಿರಲಿಲ್ಲ, ವಾಪಸ್ ಕಳುಸ್ತಿದ್ದೊ. ಇದು ಲೋ ಆದ್ರೂ ಅಸಲಿ ಮಾಲು ಕಣಪ್ಪಾ, ಕಳ್ಕಬ್ಯಾಡ."

ಈ ಅಭಿಪ್ರಾಯವನ್ನು ನಿಯಮ ಸಂಖ್ಯೆ ಹದಿನೇಳಾಗಿ ಅಂಗೀಕರಿಸಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೋಟೆ ತಂಡದವರೂ ತಟ್ಟಿದರು.

"ರೂಲ್ಸು ಅಂದ್ ಮೇಲೆ ರೂಲ್ಸೇ ಬುಡು," ಎಂದು ಅಂಕಯ್ಯ ಹೆಂಡತಿಗೆ ಹೇಳಿದರು. ಸಾಕಮ್ಮ ಬಟ್ಟೆಯ ಚೀಲ ಎತ್ತಿಕೊಂಡು ಮೈಸೂರಿನ ಬಸ್ಸು ಬಿಟ್ಟು ಕೋಟೆಯ ಬಸ್ಸು ಹತ್ತಿದರು.

ಸೋಮವಾರದ ಆಪರೇಷನ್ ರದ್ದಾಗಿದೆ. ಅಂಕಯ್ಯ ಈಗ ಮನೆ ಮುಂದೆ ನಾಲ್ಕು ಗೋಣಿಚೀಲ ಹಾಸಿಕೊಂಡು ಬೆಳಿಗ್ಗೆ ಹುಣಸೂರಿನ ಪರವಾಗಿ, ಸಂಜೆ ಪಿರಿಯಾಪಟ್ಟಣದ ಪರವಾಗಿ ಅಭ್ಯಾಸ ಮಾಡುತ್ತಿದ್ದಾರೆ. ಎರಡು ಹೊತ್ತೂ ಎಂಟು ರನ್ನಿಗೆ ನಿಲ್ಲಿಸುತ್ತಾರೆ.