ಗಾಜಿನ ಎಳೆಗೆ ಇನ್ಸುಲೇಷನ್ ಟೇಪು

ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಮರುಜೀವ ಕೊಡುವ ಮಹಾವೈದ್ಯ ಮದ್ದೂರಿನಲ್ಲಿ ಯಾರು ಎಂದರೆ ಜಕೀವುಲ್ಲಾ, ಅಂದರೆ ನಾನೇ! ಇಂಥ ನಾನು ಆವತ್ತು ಬೆಳಗ್ಗೆ ಮನೆಯ ಇಂಟರ್‌ನೆಟ್ಟಿಗೂ ಚಿಕಿತ್ಸೆ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟೆ.

ಕಾರಣ ಇತ್ತು. ಹತ್ತು ಗಂಟೆಗೆ ನನ್ನ ಹೆಂಡತಿ ಶಬ್ರೀನ್‌ಗೆ ಆನ್‌ಲೈನ್ ಪರೀಕ್ಷೆ. ಮಳವಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕೆಲಸ. ಮದುವೆಯಾದಾಗಿನಿಂದ ಅವಳು ಕಾದಿದ್ದು ಇಂಥದ್ದಕ್ಕೇ. ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಅವಳು ಚಪಾತಿ ಲಟ್ಟಿಸುತ್ತಿದ್ದಾಗ ನನ್ನ ಕಣ್ಣು ಗೋಡೆಯ ಮೇಲೆ ಬಿತ್ತು. ಇಂಟರ್‌ನೆಟ್ ಹಾಕಿಕೊಟ್ಟ ಸಂತೋಷ್ ಮಿಕ್ಕ ಕಪ್ಪು ವೈರನ್ನು ಕತ್ತರಿಸದೆ ದೊಡ್ಡ ಸುರುಳಿ ಮಾಡಿ ಮೊಳೆಗೆ ನೇತುಹಾಕಿದ್ದ. ವೈರು ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ಇದು ನನ್ನ ಕಸುಬಿನ ಮೊದಲ ಪಾಠ. ಸುರುಳಿ ತೆಗೆದರೆ ಪರೀಕ್ಷೆ ಗಾಳಿಯಂತೆ ಓಡುತ್ತದೆ! ಕಟಿಂಗ್ ಪ್ಲೇಯರ್ ತೆಗೆದು ಕಚಕ್ ಎನ್ನಿಸಿದೆ.

ತುದಿ ಸುಲಿದು ನೋಡುತ್ತೇನೆ, ತಾಮ್ರವೇ ಇಲ್ಲ! ಕೂದಲಿನಷ್ಟು ಸಣ್ಣದೊಂದು ಗಾಜಿನ ಎಳೆ. ಎರಡು ತುದಿ ಹೊಸೆಯಲು ಹೋದರೆ ಪಟಕ್ಕನೆ ಮುರಿಯಿತು. ಮುರಿದಿದ್ದಕ್ಕೇ ಇನ್ಸುಲೇಷನ್ ಟೇಪು ಸುತ್ತಿ, ಬಿಸ್ಮಿಲ್ಲಾ ಎಂದು ಇಂಟರ್‌ನೆಟ್ ಡಬ್ಬಿಯ ಕಡೆ ತಿರುಗಿದೆ. ಕೆಂಪು ದೀಪ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ಸಂತೋಷ್‌ಗೆ ಫೋನ್ ಮಾಡಿದೆ. "ಅದ್ರಲ್ಲಿ ಕರೆಂಟು ಓಗಕ್ಕಿಲ್ಲ ಕಣಣ್ಣ, ಬೆಳಕು ಓಯ್ತದೆ. ಕಂಪ್ಯೂಟರ್ ಮಾತೆಲ್ಲ ಆ ಬೆಳಕಲ್ಲೇ ಬರೋದು. ಗಾಜು ಬೆಸೆಯಕ್ಕೆ ಮಿಷಿನ್ನೇ ಬೇಕು," ಎಂದ. ಮಿಷಿನ್ನು ಸೋಮನಹಳ್ಳಿಯಲ್ಲಿ, ಅವನು ಬರುವುದು ಸಂಜೆಗೆ. ಮೊಬೈಲಿನಿಂದ ಇಂಟರ್‌ನೆಟ್ ಹಂಚೋಣವೆಂದರೆ ನಮ್ಮ ಓಣಿಯಲ್ಲಿ ಮಾತಾಡುವಷ್ಟು ಸಿಗ್ನಲ್ ಸಿಕ್ಕರೆ ಅದೇ ಪುಣ್ಯ.

ಅಷ್ಟರಲ್ಲಿ ಶಬ್ರೀನ್ ಕೈ ಒರೆಸಿಕೊಂಡು ಬಂದಳು. "ಯಾಕ್ರೀ ಕೆಂಪು ದೀಪ ಉರೀತಾ ಅದೆ?"

ಸುಳ್ಳು ತಾನಾಗಿ ಹೊರಟಿತು: ಇಡೀ ಮದ್ದೂರಿಗೇ ಲೈನ್ ಹೋಗಿದೆಯಂತೆ. ಆ ಕ್ಷಣಕ್ಕೇ ಪಕ್ಕದ ಮನೆ ಸೋಮಮ್ಮನ ಟೀವಿಯಲ್ಲಿ ಧಾರಾವಾಹಿಯ ಅತ್ತೆ ಗುಡುಗಿದಳು. ಅದೂ ಇಂಟರ್‌ನೆಟ್ಟಿನಲ್ಲೇ ಬರುವ ಟೀವಿ! ಶಬ್ರೀನ್ ಆ ಸದ್ದು ಕೇಳಿದಳು, ಗೋಡೆಯ ಟೇಪು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳ ಕಣ್ಣಲ್ಲಿ ನೀರು ಕಂಡಾಗ ನಿಜಕ್ಕೂ ಜೀವ ಬಾಯಿಗೆ ಬಂತು.

ಲ್ಯಾಪ್‌ಟಾಪ್ ಎತ್ತಿಕೊಂಡು ಸೋಮಮ್ಮನ ಮನೆಗೆ ಓಡಿದೆ, ಶಬ್ರೀನ್ ಹಿಂದೆಯೇ ಬಂದಳು. ವೈರು ಉದ್ದವಾಯಿತೆಂದು ಕತ್ತರಿಸಿದ್ದು, ಗಾಜಿನ ಎಳೆ ಮುರಿದದ್ದು, ಎಲ್ಲವನ್ನೂ ಬಾಗಿಲಲ್ಲೇ ಒದರಿಬಿಟ್ಟೆ. ಸೋಮಮ್ಮ ಟೀವಿ ಆರಿಸಿ ಶಬ್ರೀನ್‌ಗೆ ಜಾಗ ಮಾಡಿಕೊಟ್ಟರು. ನನ್ನನ್ನು ಮಾತ್ರ ಹೊಸಿಲಲ್ಲೇ ತಡೆದರು.

"ನೀನು ಜಗ್ಲಿ ಮೇಲೇ ಕೂತ್ಕಪ್ಪ. ನಮ್ಮನೆ ವೈರೂ ಉದ್ದಾಗೇ ಅದೆ."

ಪರೀಕ್ಷೆ ಮುಗಿಯುವವರೆಗೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತೆ. ಕರೆಂಟು ಹೋದರೆ? ಇವರ ಡಬ್ಬಿಯೂ ಕೆಂಪಾದರೆ? ಗೊತ್ತಿದ್ದ ದುವಾಗಳನ್ನೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಕೊನೆಗೆ ಶಬ್ರೀನ್ ನಗುತ್ತಾ ಹೊರಬಂದಳು. "ಬೆಳಕಲ್ಲಿ ಮಾಹಿತಿ ಸಾಗ್ಸೋ ಎಳೇನ ಯಾವ್ದರಿಂದ ಮಾಡಿರ್ತಾರೆ ಅಂತ ಒಂದು ಪ್ರಶ್ನೆ ಬಂದಿತ್ತು. ಓದಿದ್ದು ಮರ್ತೋಗಿತ್ತು. ನೀವು ಮುರ್ದಿದ್ದು ಗ್ಯಾಪ್ಕ ಬಂತು. ಗಾಜು ಅಂತ ಒತ್ತಿ ಬಂದೆ."

ನನ್ನೆದೆ ಉಬ್ಬಿತು. ಹಾಗಾದರೆ ಕೆಲಸ ಸಿಕ್ಕರೆ ಅದರಲ್ಲಿ ನನ್ನದೂ ಒಂದು ಪಾಲು ಇರಬೇಕಲ್ಲ ಎಂದೆ.

"ಊಂ, ಕೊಡ್ತೀನಿ. ಮೊದ್ಲು ಆ ಕಟಿಂಗ್ ಪ್ಲೇಯರ್ ಇತ್ತ ಕೊಡಿ," ಎಂದು ಕೈ ಚಾಚಿದಳು.

ಅದೀಗ ಅಡುಗೆಮನೆಯಲ್ಲಿ, ಅವಳ ಮಸಾಲೆ ಡಬ್ಬದ ಹಿಂದಿದೆ. ಮಹಾವೈದ್ಯರು ಬೆಳಗ್ಗೆ ಅಂಗಡಿಗೆ ಹೊರಡುವಾಗ ಅದನ್ನು ಬೇಡಿ ಪಡೆಯುತ್ತಾರೆ, ಸಂಜೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಒಪ್ಪಿಸುತ್ತಾರೆ.