ಕಂಠಪ್ಪನವರ ಒಂಟಿ ಕೆಂಡ

"ಇನ್ಮೇಲೆ ಈ ಮನೆ ಒಳಕ್ಕೆ ಬೆಂಕಿಪೊಟ್ಟಣ ಕಾಲಿಡಕೂಡದು!"

ಸಾಲಿಗ್ರಾಮದ ಬಟ್ಟೆ ವ್ಯಾಪಾರಿ ಕಂಠಪ್ಪನವರು ಹೀಗೆ ಘೋಷಿಸಿದ್ದು ಜಗಲಿಯ ಮೇಲೆ ನಿಂತು, ಇಡೀ ಬೀದಿಗೆ ಕೇಳಿಸುವಂತೆ. ಕಂಠಪ್ಪನವರು ಜಿಪುಣರಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಜಿಪುಣ ಕೊರಗುತ್ತಾ ಉಳಿಸುತ್ತಾನೆ, ಇವರು ಸುಖಪಡುತ್ತಾ ಉಳಿಸುವವರು! ಬೆಲ್ಲದ ಕಾಫಿಯನ್ನು ಅವರು ಕುಡಿಯುವ ಠೀವಿ ನೋಡಿದರೆ ಸಕ್ಕರೆ ಕಾಫಿಯವರಿಗೆ ನಾಚಿಕೆಯಾಗಬೇಕು. ಹೆಂಡತಿ ಶಿವರುದ್ರಮ್ಮನಿಗಾಗಲಿ, ಮಗಳು ಮಂಗಳಗೌರಿಗಾಗಲಿ ಅದರಲ್ಲೇನೂ ತಕರಾರಿರಲಿಲ್ಲ. ಹಳೇ ಸೀರೆಯ ಕೌದಿ ಬೆಚ್ಚಗಿತ್ತು, ಹಿತ್ತಲ ಸೊಪ್ಪು ರುಚಿಯಾಗಿತ್ತು, ಮನೆಯಲ್ಲಿ ನಗುವಿಗೆ ಬರವಿರಲಿಲ್ಲ. ಬೆಂಕಿಪೊಟ್ಟಣದ ಮಾತಿಗೆ ಮಾತ್ರ ಶಿವರುದ್ರಮ್ಮ ಹುಬ್ಬೇರಿಸಿದರು.

"ಒಲೆ ಹಚ್ಚೋದ್ ಎಂಗೆ?"

"ರಾತ್ರಿ ಬೂದೀಲಿ ಕೆಂಡ ಮುಚ್ಚಿಡೋದು, ಬೆಳಿಗ್ಗೆ ಕೆದಕಿ ಊದೋದು ಕಣೇ! ನಮ್ಮಜ್ಜಿ ಮಾಡ್ತಿರ್ಲಿಲ್ವಾ?"

"ಆರೋದ್ರೆ?"

"ಆರೋಕೆ ನಾನ್ ಬುಡ್ತೀನಾ?"

ಬಿಡಲಿಲ್ಲ. ಕೆಂಡ ಮುಚ್ಚುವ ಕೆಲಸವನ್ನು ತಾವೇ ವಹಿಸಿಕೊಂಡರು. ಆದರೆ ಉಳಿತಾಯದ ರುಚಿ ಹತ್ತಿದವರು ಅಷ್ಟಕ್ಕೇ ಸುಮ್ಮನಿರುತ್ತಾರೆಯೇ! ಒಂದು ಗುರುವಾರ, ಇಷ್ಟೊಂದು ಕೆಂಡ ವೃಥಾ ಬೂದಿಯಾಗುತ್ತಿದೆಯಲ್ಲ ಎಂದು ಅವರ ಕರುಳು ಚುರುಕ್ಕೆಂದಿತು. ಒಂದೇ ಒಂದು ಕೆಂಡವನ್ನು ಮುಚ್ಚಿ, ಮಿಕ್ಕವಕ್ಕೆ ನೀರು ಚಿಮುಕಿಸಿ ಆರಿಸಿ, ಅಂಗಡಿಯ ಇಸ್ತ್ರಿಪೆಟ್ಟಿಗೆಗೆಂದು ಇದ್ದಲು ಮಾಡಿ ಎತ್ತಿಟ್ಟರು. ನೆಮ್ಮದಿಯಾಗಿ ನಿದ್ದೆಯೂ ಬಂತು.

ಬೆಳಿಗ್ಗೆ ಬೂದಿ ಕೆದಕಿದರೆ ಒಂಟಿ ಕೆಂಡ ಶಿವನ ಪಾದ ಸೇರಿತ್ತು!

ಬೇರೆ ದಿನವಾಗಿದ್ದರೆ ಹೇಗೋ ಆಗುತ್ತಿತ್ತು. ಅವತ್ತು ಪಿರಿಯಾಪಟ್ಟಣದ ಗುರುಸ್ವಾಮಿಯವರು ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬರುವವರಿದ್ದರು. ಯಾವುದನ್ನೂ ಬೇಕು ಅನ್ನದ ಮಂಗಳಗೌರಿ, ನೆಂಟರ ಮದುವೆಯಲ್ಲಿ ಆ ಹುಡುಗನನ್ನು ಕಂಡು ಬಂದು, "ಆಗಬೌದು ಕಣವ್ವ" ಎಂದು ತಾಯಿಯ ಕಿವಿಯಲ್ಲಿ ಉಸುರಿದ್ದಳು. ಈ ಸಂಬಂಧ ತಪ್ಪಿದರೆ ಮಗಳ ಮುಖ ನೋಡುವುದು ಹೇಗೆ? ಕಂಠಪ್ಪನವರು ಬೂದಿಯನ್ನೆಲ್ಲ ಮತ್ತೊಮ್ಮೆ ಕೆದಕಿದರು. ತಾಯಿ ಊದಿದರು, ಮಗಳು ಊದಿದಳು. ಬೂದಿ ಹಾರಿ ಕಣ್ಣು ಸೇರಿತೇ ಹೊರತು ಕಿಡಿ ಏಳಲಿಲ್ಲ.

"ದಿನಸಿ ಅಂಗಡೀಲಿ ಒಂದ್ ಪೊಟ್ಟಣ ತಂದ್ಬುಡಿ," ಎಂದರು ಶಿವರುದ್ರಮ್ಮ.

"ಜಗಲಿ ಮೇಲೆ ಅಷ್ಟೆಲ್ಲ ಮಾತಾಡ್ಬುಟ್ಟು? ಬೀದಿಯೋರು ನಗಾಕಿಲ್ವಾ? ಪಕ್ಕದ ಮನೇಲಿ ಕೆಂಡ ಇಸ್ಕೊಂಡ್ ಬತ್ತೀನಿ, ಇರು!"

ಕಬ್ಬಿಣದ ಸೌಟು ಹಿಡಿದು ಪಕ್ಕದ ಮನೆಯ ಶಿವನಂಜಮ್ಮನ ಬಾಗಿಲಲ್ಲಿ ನಿಂತರು. ಒಳಗೆ ಒಲೆ ಧಗಧಗ ಉರಿಯುತ್ತಿತ್ತು.

"ಅಯ್, ಶುಕ್ರವಾರ ಬೆಂಕಿ ಆಚೆಗ್ ಕೊಡ್ತಾರಾ ಕಂಠಪ್ನೋರೆ? ಲಕ್ಷ್ಮಿ ಹೊಂಟೋಯ್ತಾಳೆ! ನಿನ್ನೆ ಕೇಳಿದ್ರೆ ಒಲೇನೇ ಎತ್ಕೊಡ್ತಿದ್ದೆ."

ಎದುರು ಮನೆಯಲ್ಲೂ ಅದೇ ಮಾತು. ಮೂಲೆಮನೆಯವರಂತೂ ಸೌಟು ಕಂಡೊಡನೆ ಬಾಗಿಲು ಮುಂದಕ್ಕೆಳೆದರು. ಕಮ್ಮಾರ ಮಂಚಯ್ಯನ ಕುಲುಮೆಗೆ ಓಡಿದರೆ, ಅವನು ಗಾಡಿ ಚಕ್ರಕ್ಕೆ ಪಟ್ಟಿ ಹೊಡೆಯಲು ಹೊಸ ಅಗ್ರಹಾರಕ್ಕೆ ಹೋಗಿದ್ದ. ಕುಲುಮೆ ತಣ್ಣಗಿತ್ತು, ಕಂಠಪ್ಪನವರ ಕೈಕಾಲೂ ತಣ್ಣಗಾದವು. ಮಾನ ಹೋದರೆ ಹೋಗಲಿ ಎಂದು ಕೊನೆಗೆ ದಿನಸಿ ಅಂಗಡಿಯ ಕಡೆಗೇ ಕಾಲು ಹಾಕಿದರು. ಅಂಗಡಿಯ ಮುಂದೆ ಬಸ್ಸು ನಿಂತಿತ್ತು. ಗುರುಸ್ವಾಮಿಯವರು ಮಗನ ಸಮೇತ ಇಳಿಯುತ್ತಿದ್ದರು!

"ಏನ್ ಯಜಮಾನ್ರೆ, ಸೌಟ್ ಹಿಡ್ಕಂಡೇ ಬಂದ್ಬುಟ್ರಿ? ಅಡುಗೆ ಜೋರಾ?"

"ಹೂಂ... ಜೋರು... ಬಾಳಾ ಜೋರು!"

ಬೀಗರಾಗುವವರ ಎದುರಿಗೆ ಬೆಂಕಿಪೊಟ್ಟಣ ಕೊಳ್ಳುವುದುಂಟೇ! ಗುರುಸ್ವಾಮಿಯವರು ನಿಧಾನವಾಗಿ ಬೀಡಿ ಹಚ್ಚಿ, ಇನ್ನೂ ಉರಿಯುತ್ತಿದ್ದ ಕಡ್ಡಿಯನ್ನು ಚರಂಡಿಗೆಸೆದರು. ಅದು ಚುಂಯ್ ಎಂದದ್ದು ಕಂಠಪ್ಪನವರ ಹೊಟ್ಟೆಯಲ್ಲೇ ಎಂದಂತಾಯಿತು.

ನೆಂಟರನ್ನು ನಡುಮನೆಯಲ್ಲಿ ಕೂರಿಸಿ ಹಿಂದಕ್ಕೆ ಬಂದರೆ, ಹಿತ್ತಲ ಬಾಗಿಲಲ್ಲಿ ಶಿವರುದ್ರಮ್ಮ ಕೇಳಿದರು, "ಬೆಂಕಿ?"

"ಸಿಗ್ನಿಲ್ಲ."

ಆಕೆ ನೋಡಿದ ನೋಟಕ್ಕೇ ಒಲೆ ಹತ್ತಬೇಕಿತ್ತು. ಆದರೂ ಕೈಚೆಲ್ಲುವ ಹೆಂಗಸಲ್ಲ. ಮೊಸರವಲಕ್ಕಿ ಕಲಸಿದರು, ನೆನೆದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ ಹಾಕಿದರು, ಬಾಳೆಹಣ್ಣಿನ ರಸಾಯನ ಮಾಡಿ, ಬೆಲ್ಲದ ಪಾನಕಕ್ಕೆ ಏಲಕ್ಕಿ ಕುಟ್ಟಿದರು. ಬಿಸಿಲಲ್ಲಿ ಬಂದ ಗುರುಸ್ವಾಮಿಯವರು ಪಾನಕವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು.

"ಈ ಸೆಕೇಲಿ ಎಲ್ಲಿ ಬಿಸಿ ಉಪ್ಪಿಟ್ ಕೊಟ್ಬುಡ್ತೀರೋ ಅಂತಿದ್ದೆ ಕಣ್ರೀ. ತಂಪಾಯ್ತು!"

ಕಂಠಪ್ಪನವರಿಗೆ ಹೋದ ಜೀವ ಬಂತು. ಬಂದದ್ದೇ ತಡ, ನಾಲಿಗೆಯೂ ಬಂತು. "ನಮ್ಮನೆ ಪದ್ಧತೀನೇ ಇಂಗೆ! ದುಂದಿಲ್ಲ, ಆದ್ರೆ ಯಾರ್ಗೂ ಏನೂ ಕಮ್ಮಿ ಇಲ್ಲ!"

ಅಷ್ಟರಲ್ಲಿ ಮಂಗಳಗೌರಿ ತಾಂಬೂಲದ ತಟ್ಟೆ ತಂದಳು. ಗುರುಸ್ವಾಮಿಯವರು ಮುಖ ನೋಡಿ ಗಂಭೀರರಾದರು.

"ಯಾಕವ್ವ, ಕಣ್ ಇಷ್ಟ್ ಕೆಂಪಗವೆ? ಅತ್ತಿದ್ದೀಯಾ? ನೋಡಿ ಕಂಠಪ್ನೋರೆ, ಮಗೀಗೆ ಇಷ್ಟ ಇಲ್ದಿದ್ರೆ ಬಲವಂತದ ಮದ್ವೆ ನಮ್ಗೆ ಬ್ಯಾಡ."

ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಎದ್ದೇಬಿಟ್ಟರು. ಹುಡುಗನ ಮುಖ ಸಪ್ಪಗಾಯಿತು. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮಗಳ ಬಾಳು! ಕಂಠಪ್ಪನವರು ಬಾಯಿ ತೆರೆದರು, ಮುಚ್ಚಿದರು, ಬೆವರೊರೆಸಿಕೊಂಡರು.

"ನಾನ್ ಅತ್ತಿಲ್ಲ," ಎಂದಳು ಮಂಗಳಗೌರಿ, ತಲೆ ಬಗ್ಗಿಸಿಕೊಂಡೇ. "ಬೂದಿ ಊದ್ದೆ."

"ಅಂಗಾದ್ರೆ ನಮ್ಮನೆ ಒಪ್ಪಿಗೇನಾ? ನಮ್ದೂ ಸಾದಾ ಮನೆ ಕಣವ್ವ. ನಿಂಗೇನ್ ಬೇಕು ಹೇಳು."

"ಏನೂ ಬ್ಯಾಡ. ಒಂದ್ ಬೆಂಕಿಪೊಟ್ಟಣ ಇದ್ರೆ ಸಾಕು."

ಗುರುಸ್ವಾಮಿಯವರು ಅಡುಗೆಮನೆಯ ಕಡೆ ನೋಡಿದರು. ಹೊಗೆಯಿಲ್ಲ, ಘಮವಿಲ್ಲ. ಕಂಠಪ್ಪನವರ ಕಡೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕವರು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತಾಂಬೂಲದ ತಟ್ಟೆಯಲ್ಲಿಟ್ಟರು.

"ತಗೋ ಸೊಸೆ, ಇದು ನಮ್ ಕಡೆ ಮೊದಲ್ನೇ ಉಡುಗೊರೆ!"

ಶಿವರುದ್ರಮ್ಮ ಅದನ್ನೆತ್ತಿ ಗಂಡನ ಕೈಗೆ ಕೊಟ್ಟರು. "ಓಗಿ, ಒಲೆ ಹಚ್ಚಿ. ಬೀಗ್ರಿಗೆ ಕಾಫಿ ಆಗ್ಬೇಕು."

ಕಂಠಪ್ಪನವರು ತಲೆ ತಗ್ಗಿಸಿ ಅಡುಗೆಮನೆಗೆ ನಡೆದರು. ಅವಸರದಲ್ಲಿ ಗೀರಿದ ಮೊದಲ ಕಡ್ಡಿ ಪಟ್ಟೆಂದು ಮುರಿಯಿತು. ನಡುಮನೆಯಿಂದ ಮಗಳ ದನಿ ಕೇಳಿಸಿತು:

"ಅಪ್ಪಾ, ಕಡ್ಡಿ ಪೋಲ್ ಮಾಡ್ಬ್ಯಾಡಿ. ಪೊಟ್ಟಣ ನಂದು!"