ಹೆಂಡತಿಯ ಗುಳಿಗೆಯನ್ನು ಗಂಡ ಮೊದಲು ನುಂಗಿ ನೋಡುವುದರ ಕುರಿತು

ಅಗತ್ಯ ಔಷಧ ಮತ್ತು ಅನಗತ್ಯ ವರ್ತನೆ ನಿಯಂತ್ರಣ ಇಲಾಖೆ
ಉಪ ಕಚೇರಿ, ಹುಮನಾಬಾದ

ಸಂಖ್ಯೆ: ಅಔಅವ/ಹುಮ/ಗುಳಿಗೆ/ನಗು/04

ವಿಷಯ: ವಾರ್ಡಿನಲ್ಲಿ ಅನುಮತಿಯಿಲ್ಲದೆ ಉಂಟಾದ ಖುಷಿ ಹಾಗೂ ಹಸಿವಿನ ನಿಯಂತ್ರಣ.

ಉಲ್ಲೇಖ: 1) ಸ್ಟಾಫ್ ನರ್ಸ್ ಶಹಜಾದಿ ಅವರ ಮೌಖಿಕ ವರದಿ (ನಡುವೆ ಅವರೂ ನಕ್ಕಿರುತ್ತಾರೆ).
2) ಕಚೇರಿ ಅಧೀಕ್ಷಕರ ಊಟದ ಡಬ್ಬಿ, ಖಾಲಿ.

ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರುವುದೇನೆಂದರೆ, ಚಿಟಗುಪ್ಪ ಕಡೆಯ ಕುರಿಗಾಹಿ ದೇವಿಂದ್ರಪ್ಪನವರ ಪತ್ನಿ ರುಕ್ಮಿಣಿಬಾಯಿ ಅವರು ಇಲ್ಲಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದು, ಉಂಡದ್ದೆಲ್ಲ ವಾಂತಿಯಾಗಿ, ಬೇರಾವ ಔಷಧಕ್ಕೂ ಅದು ಜಗ್ಗದೆ, "ಇನ್ನ ಆ ಸೂಜಿಗಿ ನಾ ಬರಂಗಿಲ್ಲರಿ, ಏನಾದ್ರೂ ಆಗ್ಲಿ, ಮನ್ಯಾಗ ಆಗ್ಲಿ" ಎಂದು ಹೇಳಿ ಚೀಲ ಕಟ್ಟಿದ್ದರು. ಆದಕಾರಣ ವೈದ್ಯರು ವಿಶೇಷ ಅನುಮತಿ ಪಡೆದು ಬಸವಕಲ್ಯಾಣದ ಉಗ್ರಾಣದಿಂದ ನ್ಯಾಬಿಲೋನ್ ಎಂಬ ಗುಳಿಗೆಯನ್ನು ತರಿಸಿದರು.

ಸದರಿ ಗುಳಿಗೆ ಗಾಂಜಾ ಅಲ್ಲ. ಗಾಂಜಾದಲ್ಲಿರುವ ಒಂದು ಅಂಶವನ್ನು ಹೋಲುವಂತೆ ಪ್ರಯೋಗಶಾಲೆಯಲ್ಲಿ ತಯಾರಾದ ಔಷಧ. ಮಿದುಳಿನಲ್ಲಿ ಮೊದಲಿನಿಂದಲೂ ಇರುವ ಗ್ರಾಹಕಗಳ (ರಿಸೆಪ್ಟರ್) ಮೇಲೆ ಹೋಗಿ ಕುಳಿತು ಅದು ವಾಂತಿಯನ್ನು ತಡೆಯುತ್ತದೆ. ಈ ಗ್ರಾಹಕಗಳನ್ನು ಯಾರು ಮಂಜೂರು ಮಾಡಿದರೆಂಬುದಕ್ಕೆ ಕಚೇರಿಯಲ್ಲಿ ದಾಖಲೆ ಇಲ್ಲ. ಬಾಯಿ ಒಣಗುವುದು, ತಲೆ ಸುತ್ತುವುದು, ನಿದ್ದೆ, ಕೆಲವರಲ್ಲಿ ಹಸಿವು ಮತ್ತು ಕಾರಣವಿಲ್ಲದ ಖುಷಿ ಇದರ ಪರಿಣಾಮಗಳು. ಹಳೆಯ ನೋವಿಗೂ ಸ್ನಾಯು ಸೆಳೆತಕ್ಕೂ ಉಪಯೋಗವಾದೀತೇ ಎಂಬ ಅಧ್ಯಯನ ನಡೆದಿದೆ. ಅಧೀಕ್ಷಕರ ಸೊಂಟನೋವು ಅದರಲ್ಲಿ ಸೇರಿಲ್ಲವೆಂದು, ಅವರು ಕೇಳಿದಾಗಲೆಲ್ಲ, ವೈದ್ಯರು ಸ್ಪಷ್ಟಪಡಿಸಿದ್ದಾರೆ.

ಹೀಗಿರುವಾಗ, ವಾರ್ಡಿಗೆ ಬಂದಿದ್ದ ಒಂದೇ ಗುಳಿಗೆಯನ್ನು ದೇವಿಂದ್ರಪ್ಪನವರು ನುಂಗಿರುತ್ತಾರೆ. ವಿಚಾರಣೆಯಲ್ಲಿ ಅವರ ಹೇಳಿಕೆ: "ಹೊಸ ಮೇವು ಬಂತಂದ್ರ ಮೊದಲ ಒಂದ ಕುರಿಗಿ ಹಾಕಿ ನೋಡ್ತೀವ್ರಿ, ಆಮ್ಯಾಲ ಹಿಂಡಿಗಿ. ಈಕಿ ನನಗ ಒಬ್ಬಾಕಿನೇ ಅದಾಳ. ಈಕಿ ಮ್ಯಾಲ ಹ್ಯಾಂಗ ನೋಡ್ಲಿ?" ವಿಚಾರಣಾಧಿಕಾರಿಯು ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿ, ಹೊಸ ನಿಯಮ ಬರೆಯಲು ಹಾಳೆ ತರಿಸಿರುತ್ತಾರೆ.

ಅದರಂತೆ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿದೆ.

1. ರೋಗಿಯ ಗುಳಿಗೆಯನ್ನು ರೋಗಿಯೇ ನುಂಗತಕ್ಕದ್ದು. ಗಂಡ, ಮೈದುನ ಅಥವಾ ಕುರಿಯನ್ನು ಪ್ರತಿನಿಧಿಯಾಗಿ ಪರಿಗಣಿಸಲಾಗುವುದಿಲ್ಲ.

2. ವಾರ್ಡಿನಲ್ಲಿ ನಗುವವರು ಕಾರಣವನ್ನು ಬರೆದುಕೊಡತಕ್ಕದ್ದು. ಬರೆಯುವಾಗ ಮತ್ತೆ ನಗು ಬಂದಲ್ಲಿ ಅದನ್ನು ಹಿಂದಿನ ನಗುವಿನ ಮುಂದುವರಿಕೆ ಎಂದು ತಿಳಿಯತಕ್ಕದ್ದು.

3. ಸಲೈನ್ ಸ್ಟ್ಯಾಂಡಿನ ಹೆಗಲ ಮೇಲೆ ಕೈಯಿಟ್ಟು "ಯಾಕೋ ತಮ್ಮಾ, ಇಷ್ಟ ಸೊರಗೀದಿ? ಊಟ ಮಾಡಂಗಿಲ್ಲೇನು?" ಎಂದು ವಿಚಾರಿಸುವುದನ್ನು ನಿಷೇಧಿಸಿದೆ. ಸ್ಟ್ಯಾಂಡಿನ ಕಡೆಯಿಂದ ದೂರು ಬಂದಿಲ್ಲವೆಂಬುದು ಸಮರ್ಥನೆಯಾಗದು.

4. ಅಧೀಕ್ಷಕರ ಡಬ್ಬಿಯಲ್ಲಿನ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಇವು ಸರ್ಕಾರಿ ಆಸ್ತಿಯಲ್ಲದಿದ್ದರೂ ಆಸ್ತಿಯೇ. ದೇವಿಂದ್ರಪ್ಪನವರು ಡಬ್ಬಿಯ ತಳವನ್ನು ಬೆರಳಿನಿಂದ ಸವರಿ "ಅರೆ ವ್ಹಾ! ಸಾಹೇಬ್ರ ಮನ್ಯಾಗ ಅಡಗಿ ಯಾರ ಮಾಡ್ತಾರ್ರಿ? ಅವರಿಗಿ ನನ್ನ ಶರಣು ಹೇಳ್ರಿ" ಎಂದು ಕೂಗಿದ್ದನ್ನು ಕ್ಷಮಾಪಣೆಯೆಂದು ಸ್ವೀಕರಿಸಲಾಗದು. ಸದರಿ ಶರಣನ್ನು ಮಾತ್ರ ಮನೆಗೆ ತಲುಪಿಸಲಾಗಿದೆ.

5. ಗಂಡನ ಅವಸ್ಥೆ ನೋಡಿ ರೋಗಿಗಳು ನಗುವಂತಿಲ್ಲ. (ರುಕ್ಮಿಣಿಬಾಯಿ ಅವರು ಕಟ್ಟಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು "ಅಯ್ಯ, ಈ ಮುದಕಗ ಏನಾಗ್ಯದ್ರೀ!" ಎನ್ನುತ್ತ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ದಾಖಲಾದ ಮೇಲೆ ಆಕೆ ನಕ್ಕಿದ್ದನ್ನು ಯಾರೂ ನೋಡಿರಲಿಲ್ಲವೆಂದು ಶಹಜಾದಿ ಅವರು ತಿಳಿಸಿದ್ದರಿಂದ ಈ ನಿಯಮವನ್ನು ಹಿಂಪಡೆಯಲಾಗಿದೆ. ಸಂಖ್ಯೆ ಹಾಗೇ ಇರಲಿ.)

6. ದುರ್ಬಳಕೆಯಾದ್ದರಿಂದ ಗುಳಿಗೆ ಪೂರೈಕೆಯನ್ನೇ ನಿಲ್ಲಿಸುವ ಪ್ರಸ್ತಾವವನ್ನು ಅಧೀಕ್ಷಕರು ಹಸಿದ ಹೊಟ್ಟೆಯಲ್ಲಿ ಸಿದ್ಧಪಡಿಸಿದ್ದರು. ಸಹಿಗೆ ಮುನ್ನ ವಾರ್ಡಿಗೆ ಹೋಗಿ ನೋಡಲಾಗಿ, ದೇವಿಂದ್ರಪ್ಪನವರು ಹೆಂಡತಿಯ ಮಂಚದ ಕೆಳಗೆ ಗೊರಕೆ ಹೊಡೆಯುತ್ತಿದ್ದು, ಅವರ ಒಂದು ಕೈ ಮೇಲಕ್ಕೆ ಚಾಚಿ ಆಕೆಯ ಸೀರೆಯ ಸೆರಗನ್ನು ಹಿಡಿದಿತ್ತು. ಪ್ರಸ್ತಾವವನ್ನು ಹರಿದು ಹಾಕಲಾಯಿತು. ಚಾಲಕ ಯುನೂಸ್ ಅವರನ್ನು ತಕ್ಷಣ ಬಸವಕಲ್ಯಾಣಕ್ಕೆ ಅಟ್ಟಲಾಯಿತು.

7. ಎರಡನೆಯ ಗುಳಿಗೆಯನ್ನು ಶಹಜಾದಿ ಅವರು ದೇವಿಂದ್ರಪ್ಪನವರ ಎರಡೂ ಕೈ ಹಿಡಿದುಕೊಂಡಿರುವಾಗ ರೋಗಿಗೆ ಕೊಡಲಾಯಿತು. ಸಂಜೆ ರೋಗಿ ಒಂದು ರೊಟ್ಟಿ ಉಂಡರು. ವಾರ್ಡಿನವರೆಲ್ಲ ಬಕೆಟ್ಟು ಹಿಡಿದು ಕಾದರು. ಬಕೆಟ್ಟು ಖಾಲಿಯೇ ಉಳಿಯಿತು. ಆ ಹೊತ್ತಿಗೆ ಸಿಬ್ಬಂದಿ ಹಾಕಿದ ಕೇಕೆಗೆ ನಿಯಮ 2 ಅನ್ವಯಿಸುವುದಿಲ್ಲ.

ಸಹಿ/-
(ಮಹಾರುದ್ರಪ್ಪ)
ಕಚೇರಿ ಅಧೀಕ್ಷಕರು, ಸದ್ಯ ಉಪವಾಸ

ಪ್ರತಿಗಳು:
1. ಉಗ್ರಾಣ, ಬಸವಕಲ್ಯಾಣ: ಮುಂದಿನ ಗುಳಿಗೆಗಳ ಸಲುವಾಗಿ.
2. ದೇವಿಂದ್ರಪ್ಪ: ಓದಿ ಹೇಳಲಾಗಿದೆ. ನಕ್ಕಿರುತ್ತಾರೆ. ಗುಳಿಗೆ ಇಲ್ಲದೆ.
3. ಸಲೈನ್ ಸ್ಟ್ಯಾಂಡು: ಮಾಹಿತಿಗಾಗಿ.
4. ಅಧೀಕ್ಷಕರ ಮನೆಯವರು: ರುಕ್ಮಿಣಿಬಾಯಿ ಅವರು ಚೀಲ ಬಿಚ್ಚಿದ್ದಾರೆ. ಮುಂದಿನ ಸೂಜಿಗೆ ಬರುತ್ತಾರೆ. ಅಂದಿನ ಡಬ್ಬಿಯಲ್ಲಿ ಬದನೆಕಾಯಿ ಪಲ್ಯ ಮೂವರಿಗೆ ಆಗುವಷ್ಟು ಇರಲಿ.